ತೊಟ್ಟಿಲ ಮೂಲೆಯ ಗಾಳಿ

ನರಸಿಂಹರಾಜಪುರ
8 ಡಿಸೆಂಬರ್ 2024

ಅಕ್ಕಾ,

ಬೆಚ್ಚಬೇಡ, ಕೂಸೂ ನಾನೂ ಚೆನ್ನಾಗಿದ್ದೇವೆ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ, ಇವಳಿಗೇನಾಯಿತು ಅಂದುಕೊಳ್ಳುತ್ತೀಯ. ಹೆರಿಗೆಯಾದ ಮೂರನೇ ದಿನವೇ ಅಮ್ಮ ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬಾಣಂತಿ ಮೊಬೈಲ್ ನೋಡಿದರೆ ಮುಂದೆ ಕಣ್ಣು ಮಂಜಾಗುತ್ತದಂತೆ. ಸುಂದರೇಶ್ ಮಾತಾಡಬೇಕೆಂದರೆ ಅಮ್ಮನ ಫೋನಿಗೇ ಮಾಡಬೇಕು, ಅದೂ ಸ್ಪೀಕರ್ ಹಾಕಿ. ಗಂಡ ಹೆಂಡಿರು ಊಟ ಆಯ್ತಾ, ಆಯ್ತು ಅಂತ ಮಾತಾಡಿ ಮುಗಿಸುತ್ತೇವೆ. ನಿನ್ನ ಹೆಸರು ಬಂದರೆ ಅಮ್ಮ ಫೋನನ್ನು ಕವುಚಿ ಇಡುತ್ತಾಳೆ, ಅದು ನಿನಗೂ ಗೊತ್ತು.

ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ವಿಜಯಕ್ಕ ಬರುತ್ತಾಳೆ. ಅವಳ ಮನೆ ಬಸ್‌ಸ್ಟ್ಯಾಂಡಿನ ಹಿಂದೆ. ಕೊಪ್ಪದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕವರ್ ಕೊಟ್ಟರೆ ಒಂದು ಗಂಟೆಯಲ್ಲಿ ನಿನಗೆ ಸಿಗುತ್ತದೆ. ಕುಲಾವಿ ಕಳಿಸಿದ್ದೂ ನೀನು ಹಾಗೇ ಅಲ್ಲವೇ? ಒಂದು ಗಂಟೆಯ ದಾರಿ, ಕುಲಾವಿ ಬಂತು, ನೀನು ಬರಲಿಲ್ಲ. ಬೈಯುತ್ತಿಲ್ಲ, ಸುಮ್ಮನೆ ಹೇಳಿದೆ.

ನಾನು ಇರುವುದು ನಡುಕೋಣೆಯಲ್ಲಿ. ಅದೇ, ಹೊಸದಾಗಿ ಕಟ್ಟಿಸಿದ ಕೋಣೆ. ಮೂರು ತಿಂಗಳು ಹೊಸ್ತಿಲು ದಾಟುವ ಹಾಗಿಲ್ಲ, ಸ್ನಾನಕ್ಕೆ ಬಚ್ಚಲಿಗೆ ಹೋಗುವುದೊಂದು ಬಿಟ್ಟರೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೊಂಟಕ್ಕೆ ಹಳೇ ಸೀರೆ. ಹೊತ್ತು ಹೊತ್ತಿಗೆ ಮೆಣಸಿನ ಸಾರು. ಕಿಟಕಿ ತೆಗೆಯುವ ಮಾತೆತ್ತಿದರೆ ಸಾಕು, "ಅಯ್ಯೋ ಗಾಳಿ ಹೊಡೆದ್ರೆ ಸೊಂಟ ಹಿಡ್ಕಂಡು ನನ್ನ ವಯಸ್ಸಿಗೆ ನೀನೇ ಅಳ್ತೀಯ" ಅನ್ನುತ್ತಾಳೆ ಅಮ್ಮ. ಅಪ್ಪಾಜಿ ತನ್ನ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಪಟ್ಟಿಯನ್ನೇ ಆ ಕಿಟಕಿಗೆ ಸುತ್ತಿ ಕೂರಿಸಿದ್ದು. ಇರುವೆಯೂ ಒಳಗೆ ನುಸುಳಲ್ಲ ಎಂದು ಬಂದವರಿಗೆಲ್ಲ ಈಗಲೂ ಹೇಳುತ್ತಾರೆ.

ನಿಜ ಹೇಳಲಾ? ಉಸಿರು ಕಟ್ಟುತ್ತದೆ ಅಕ್ಕಾ. ದಿನಾ ಮಧ್ಯಾಹ್ನ ತಲೆ ಸಿಡಿಯುತ್ತದೆ. ನಾಲ್ಕು ಗೋಡೆಯ ಬೇಜಾರಿಗೆ ಹಾಗಾಗುತ್ತದೋ, ನಿಜವಾಗಿಯೂ ಗಾಳಿಯೇ ಇಲ್ಲವೋ ತಿಳಿಯುತ್ತಿಲ್ಲ. ನೀನು ಊರೂರು ತಿರುಗಿ ಹಾಸ್ಟೆಲು, ಆಸ್ಪತ್ರೆ ವಾರ್ಡುಗಳ ಗಾಳಿ ಅಳೆಯುವವಳಲ್ಲವೇ? ನನ್ನ ಕೋಣೆಯನ್ನೂ ಅಳೆದು ಹೇಳು ಮಾರಾಯ್ತಿ.

ನಿನ್ನ ತಂಗಿ,
ಕೃತಿಕಾ

ಕೊಪ್ಪ
11 ಡಿಸೆಂಬರ್ 2024

ಕೃತೀ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೂಸಿನ ಬಣ್ಣ, ಮೂಗು, ಕೂದಲು ಯಾವುದನ್ನೂ ಬರೆದಿಲ್ಲ. ಮುಂದಿನ ಸಲ ಬರಿ.

ಇದರ ಜೊತೆ ಒಂದು ಸಣ್ಣ ಮೀಟರು ಕಳಿಸಿದ್ದೇನೆ. ಸೋಪಿನ ಡಬ್ಬಿಯಷ್ಟಿದೆ, ಸದ್ದು ಮಾಡುವುದಿಲ್ಲ. ನಾವು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ತುಂಬಿಕೊಂಡಿದೆ ಎಂದು ಅದು ತೋರಿಸುತ್ತದೆ. ಬಯಲಿನಲ್ಲಿಟ್ಟರೆ ನಾನೂರಿಪ್ಪತ್ತರ ಆಸುಪಾಸು. ಒಳಗೆ ಸಾವಿರದೊಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಏರಿದಷ್ಟೂ ಹೊಸ ಗಾಳಿ ಸಾಲುತ್ತಿಲ್ಲ ಎಂದರ್ಥ.

ಒಂದೇ ಕಡೆ ಇಟ್ಟು ನೋಡಬೇಡ. ಹೋದ ತಿಂಗಳು ಶೃಂಗೇರಿ ಕಡೆಯ ಒಂದು ಹಾಸ್ಟೆಲಿಗೆ ಹೋಗಿದ್ದೆ. ಒಂದು ಹಾಲಿನಲ್ಲಿ ಆರು ಫ್ಯಾನು. ವಾರ್ಡನ್ ಹೆಮ್ಮೆಯಿಂದ, "ಗಾಳಿಗೇನ್ರೀ ಬರ, ಹೊದ್ದ ಚಾದರ ಹಾರಿಹೋಗುತ್ತೆ" ಅಂದರು. ಅಳೆದರೆ ಮೂರು ಸಾವಿರ. ಫ್ಯಾನು ಹೊಸ ಗಾಳಿ ತರುವುದಿಲ್ಲ, ಇದ್ದ ಹಳಸಲನ್ನೇ ತಿರುವಿ ಹಾಕುತ್ತದೆ. ಗಾಳಿ ಆಡುವುದು ಬೇರೆ, ಉಸಿರಾಡುವವರ ಮೂಗಿನವರೆಗೆ ಹೊಸ ಗಾಳಿ ಮುಟ್ಟುವುದು ಬೇರೆ. ನನ್ನ ಕೆಲಸವೆಲ್ಲ ಈ ಎರಡರ ನಡುವಿನ ವ್ಯತ್ಯಾಸ ಹುಡುಕುವುದೇ.

ಆದ್ದರಿಂದ ಬಾಗಿಲ ಬಳಿ, ಮಂಚದ ಮೇಲೆ, ತೊಟ್ಟಿಲ ಪಕ್ಕ, ಮೂರು ಕಡೆ ಇಟ್ಟು ಬರೆದುಕೋ. ಆಮೇಲೆ ಇನ್ನೊಂದು. ನೀವಿಬ್ಬರೂ ಸ್ನಾನಕ್ಕೆ ಹೋದಾಗ ಕೋಣೆ ಖಾಲಿ ಇರುತ್ತದಲ್ಲ, ಹೋಗುವಾಗ ಎಷ್ಟಿತ್ತು, ಬಂದಾಗ ಎಷ್ಟಿತ್ತು ನೋಡು. ಉಸಿರಾಡುವವರಿಲ್ಲದ ಕೋಣೆಯಲ್ಲಿ ಅಂಕಿ ಬೇಗ ಇಳಿದರೆ ಹೊಸ ಗಾಳಿ ಬರುತ್ತಿದೆ. ಇಳಿಯದಿದ್ದರೆ ಹಳೆಯದು ಅಲ್ಲೇ ಕೂತಿದೆ.

ಒಂದು ಪ್ರಶ್ನೆ, ಇದಕ್ಕೆ ಮೊದಲು ಉತ್ತರ ಬರಿ. ಅಮ್ಮ ಆ ಕೋಣೆಯಲ್ಲಿ ಕೆಂಡ ಇಡುತ್ತಿದ್ದಾಳಾ?

ನಿಶ್ಚಿತಾ

ನರಸಿಂಹರಾಜಪುರ
19 ಡಿಸೆಂಬರ್ 2024

ಅಕ್ಕಾ,

ಕೂಸಿನ ಬಣ್ಣ ಅಪ್ಪಾಜಿಯದು, ಮೂಗು ಸುಂದರೇಶನದು, ಹಟ ನಿನ್ನದು. ಕೂದಲು ಇನ್ನೂ ಯಾರದೆಂದು ತೀರ್ಮಾನವಾಗಿಲ್ಲ. ಮೊನ್ನೆ ಸ್ವಾಮಿಗಳನ್ನು ಕರೆಸಿ ಲಿಂಗಧಾರಣೆ ಮಾಡಿಸಿದರು. ಅವಳು ಅಳಲೇ ಇಲ್ಲ, ಅವರ ಗಡ್ಡವನ್ನೇ ನೋಡುತ್ತಿದ್ದಳು.

ನಿನ್ನ ಮೀಟರನ್ನು ಕೂಸಿನ ಬಟ್ಟೆಯ ಗಂಟಿನೊಳಗೆ ಬಚ್ಚಿಟ್ಟಿದ್ದೇನೆ. ಅಮ್ಮ ಅತ್ತ ಹೋದಾಗ ತೆಗೆಯುವುದು, ಹೆಜ್ಜೆ ಸದ್ದು ಕೇಳಿದರೆ ತುರುಕುವುದು. ಕಾಲೇಜಿನಲ್ಲಿ ಕಾಪಿ ಹೊಡೆಯುವಾಗಲೂ ನನಗಿಷ್ಟು ಎದೆ ಹೊಡೆದುಕೊಂಡಿರಲಿಲ್ಲ. ತಗೋ ನಿನ್ನ ಅಂಕಿಗಳು: ಬಾಗಿಲ ಬಳಿ ಏಳುನೂರು, ಮಂಚದ ಮೇಲೆ ಎರಡು ಸಾವಿರದ ನಾನೂರು, ತೊಟ್ಟಿಲ ಪಕ್ಕ ಎರಡು ಸಾವಿರದ ಒಂಬೈನೂರು. ಸ್ನಾನಕ್ಕೆ ಹೋಗುವಾಗ ತೊಟ್ಟಿಲಲ್ಲೇ ಬಿಟ್ಟು ಹೋಗಿದ್ದೆ. ನಲವತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಎರಡು ಸಾವಿರದ ಏಳುನೂರೈವತ್ತು. ಅಮ್ಮ ಬೆಚ್ಚಗಿರಲಿ ಎಂದು ನಮ್ಮ ಹಿಂದೆಯೇ ಬಾಗಿಲು ಮುಚ್ಚಿರುತ್ತಾಳೆ.

ಒಂದೇ ಕೋಣೆಯಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಬಾಗಿಲ ಮೇಲೆ ಒಂದು ಜಾಲರಿ ಇದೆ ನೋಡು, ಅದರ ಹತ್ತಿರ ಪರದೆ ಯಾವಾಗಲೂ ಅಲ್ಲಾಡುತ್ತಿರುತ್ತದೆ. ನಾನು ಉಸಿರು ಕಟ್ಟುತ್ತೆ ಅಂದಾಗಲೆಲ್ಲ ಅಮ್ಮ ಅದನ್ನೇ ತೋರಿಸುತ್ತಾಳೆ: "ಪರದೆ ಕುಣಿತಾ ಇದೆ, ನಿಂಗೆಂತ ಗಾಳಿ ಇಲ್ಲ? ಎಲ್ಲಾ ನಿನ್ನ ಕೊಂಗಾಟ."

ಅಮ್ಮ ಹುರಿಟ್ಟು ಮಾಡುತ್ತಿದ್ದಾಳೆ, ಘಮ ಇಲ್ಲಿಯವರೆಗೂ ಬರುತ್ತಿದೆ. ಹೆಜ್ಜೆ ಸದ್ದು ಕೇಳಿಸಿತು, ನಿಲ್ಲಿಸುತ್ತೇನೆ.

ಕೃತಿಕಾ

ಕೊಪ್ಪ
21 ಡಿಸೆಂಬರ್ 2024

ಕೃತೀ,

ಪರದೆ ಕುಣಿಯುತ್ತಿರುವುದು ನಿಜ, ನಿನಗೆ ಉಸಿರು ಕಟ್ಟುತ್ತಿರುವುದೂ ನಿಜ. ಬಾಗಿಲ ಕೆಳಗಿನ ಸಂದಿಯಿಂದ ಗಾಳಿ ಬರುತ್ತದೆ, ಬಾಗಿಲ ಮೇಲಿನ ಜಾಲರಿಯಿಂದ ಹೊರಟುಹೋಗುತ್ತದೆ. ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುವ ನೆಂಟರ ಹಾಗೆ, ಒಳಮನೆಗೆ ಬರುವುದೇ ಇಲ್ಲ. ಕೋಣೆಗೆ ಗಾಳಿ ಬರುತ್ತದೆಯೇ ಎಂದು ಯಾರಾದರೂ ಬಾಗಿಲಲ್ಲಿ ನಿಂತು ಅಳೆದರೆ ಹೌದು ಅನ್ನುತ್ತಾರೆ. ತೊಟ್ಟಿಲ ಮೂಲೆಯಲ್ಲಿ ಅಳೆಯುವವರಿಲ್ಲ. ನಲವತ್ತು ನಿಮಿಷದಲ್ಲಿ ಅಷ್ಟೇ ಇಳಿದಿದೆ ಎಂದರೆ ಆ ಮೂಲೆಯ ಗಾಳಿ ಪೂರ್ತಿ ಬದಲಾಗಲು ಒಂಬತ್ತು ಹತ್ತು ಗಂಟೆ ಬೇಕು.

ತೊಟ್ಟಿಲ ಕಡೆಯ ಕಿಟಕಿಯನ್ನು ಎರಡು ಬೆರಳಷ್ಟು ಸರಿಸು. ಆಗ ಗಾಳಿ ಕೋಣೆಯನ್ನು ದಾಟಿ ಹೋಗಬೇಕಾಗುತ್ತದೆ. ಕೂಸಿಗೆ ನೇರ ಹೊಡೆಯದ ಹಾಗೆ ತೊಟ್ಟಿಲಿಗೆ ಸೀರೆ ಅಡ್ಡ ಕಟ್ಟು, ಚಳಿಯಾಗುವುದಿಲ್ಲ.

ಕೆಂಡದ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಮರೆತೆ ಎಂದು ನಾನು ನಂಬುವುದಿಲ್ಲ.

ನಿಶ್ಚಿತಾ

ನರಸಿಂಹರಾಜಪುರ
3 ಜನವರಿ 2025

ಅಕ್ಕಾ,

ನೀನು ಹೇಳಿದ ಹಾಗೆ ಕಿಟಕಿ ಸರಿಸಿದೆ. ಒಂದು ಗಂಟೆಯಲ್ಲಿ ತೊಟ್ಟಿಲ ಪಕ್ಕ ಸಾವಿರದ ನೂರಕ್ಕೆ ಇಳಿಯಿತು. ಎಷ್ಟು ದಿನದ ಮೇಲೆ ಬೀದಿಯ ಸದ್ದು ಕೇಳಿದೆನೋ! ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಅದನ್ನು ಕೇಳಿ ಕಣ್ಣಲ್ಲಿ ನೀರು ಬಂತು, ನಗಬೇಡ.

ನಾಲ್ಕು ದಿನ ನಡೆಯಿತು. ಐದನೇ ದಿನ ಅಮ್ಮನ ಕಣ್ಣಿಗೆ ಬಿತ್ತು. ಮೈದಾ ಅಂಟು ಕಾಯಿಸಿ ತಂದು ಕಿಟಕಿಯ ಸುತ್ತ ಪೇಪರ್ ಅಂಟಿಸಿಬಿಟ್ಟಳು. ಈಗ ಕಿಟಕಿ ತೆಗೆದರೆ ಪೇಪರ್ ಹರಿಯುತ್ತದೆ, ಹರಿದರೆ ಗೊತ್ತಾಗುತ್ತದೆ. ಸುಂದರೇಶನಿಗೆ ಹೇಳಿದೆ. "ಅತ್ತೆಯವರಿಗೆ ಗೊತ್ತಿರುತ್ತೆ ಬಿಡು, ಎರಡು ಮಕ್ಕಳನ್ನ ಸಾಕಿದವರು" ಅಂದ. ಭಾನುವಾರ ಬಂದು ಹೊಸ್ತಿಲಾಚೆ ಕುರ್ಚಿ ಹಾಕಿ ಕೂತು ಕಾಫಿ ಕುಡಿದು ಹೋಗುವವನಿಗೆ ಇನ್ನೇನು ಗೊತ್ತಾಗುತ್ತದೆ, ಹೇಳು.

ಹೌದು, ಅಮ್ಮ ಕೆಂಡ ಇಡುತ್ತಾಳೆ. ಸ್ನಾನ ಆದ ಮೇಲೆ ಅಗ್ಗಿಷ್ಟಿಕೆ ತುಂಬ ಇದ್ದಿಲು ಕೆಂಡ ತಂದು ತೊಟ್ಟಿಲ ಪಕ್ಕ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು ಹೋಗುತ್ತಾಳೆ. ಬಾಗಿಲ ಸಂದಿಗೂ ಗೋಣಿತಾಟು ಒತ್ತುತ್ತಾಳೆ. ಎರಡು ಮೂರು ಗಂಟೆ ಬೆಚ್ಚಗಿರುತ್ತದೆ. ಕೂಸು ಎಷ್ಟು ಚೆನ್ನಾಗಿ ಮಲಗುತ್ತಾಳೆ ಗೊತ್ತಾ? ಹಾಲಿಗೂ ಏಳುವುದಿಲ್ಲ. "ನೋಡು, ನನ್ನ ಕೈಗುಣ" ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಾಳೆ. ನನಗೂ ಆಗಲೇ ತಲೆನೋವು ಹತ್ತಿ ಜೊಂಪು ಬರುವುದು.

ನಿನಗೆ ಹೇಳಲಿಲ್ಲ, ಯಾಕೆಂದರೆ ನೀನು ಹೆದರುತ್ತೀಯ ಅಂತ. ಇನ್ನೊಂದು ಕಾರಣವೂ ಇದೆ, ಸಿಟ್ಟಾಗಬೇಡ. ನಿನಗೆ ನನ್ನ ಮಗಳ ಚಿಂತೆಯೋ, ಇದೇ ಕೋಣೆಯಲ್ಲಿ ಹೋದ ನಿನ್ನ ಮಗನ ಸಾವಿನ ಕಾರಣ ಹುಡುಕುತ್ತಿದ್ದೀಯೋ? ನಾನಾಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದೆ, ಏನೂ ನೋಡಿದವಳಲ್ಲ. ನೀನು ಹಾಲು ಕೊಡುತ್ತಾ ಮಲಗಿಬಿಟ್ಟೆ, ಮಗುವಿಗೆ ಉಸಿರು ಕಟ್ಟಿತು ಎಂದು ಅಮ್ಮ ಹೇಳಿದಳು. ಎಲ್ಲರೂ ಅದನ್ನೇ ಹೇಳಿದರು. ನೀನೂ ಒಮ್ಮೆಯೂ ಅಲ್ಲ ಅನ್ನಲಿಲ್ಲ.

ಕೃತಿಕಾ

ಕೊಪ್ಪ
4 ಜನವರಿ 2025, ಬೆಳಿಗ್ಗೆ

ಕೃತೀ,

ಕಾಗದ ಸಿಕ್ಕಿದ ಕೂಡಲೇ ಕೆಂಡ ಹೊರಗಿಡಿಸು. ಅಮ್ಮ ಬೈದರೆ ಬೈಯಲಿ, ಅತ್ತರೆ ಅಳಲಿ. ಇಡಲೇಬೇಕು ಎಂದರೆ ನೀನು ಕೂಸನ್ನು ಎತ್ತಿಕೊಂಡು ಹಾಲಿಗೆ ಬಂದು ಕೂರು. ಅಮ್ಮ ನನ್ನ ಫೋನು ಎತ್ತುವುದಿಲ್ಲ. ಸುಂದರೇಶನಿಗೆ ಈಗ ಫೋನು ಮಾಡಿ ಹೇಳಿದ್ದೇನೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಸಂಜೆಯೇ ಬರುತ್ತಾನೆ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಒಂದು ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಹೊಗೆಯಿಲ್ಲ, ಕಣ್ಣು ಉರಿಯುವುದಿಲ್ಲ. ತಲೆನೋವು, ಆಮೇಲೆ ಜೊಂಪು, ಅಷ್ಟೇ. ಕೂಸು ಮಲಗುತ್ತಿರುವುದು ಕೈಗುಣದಿಂದಲ್ಲ ಕೃತೀ. ನಾನು ಮೊದಲು ಕಳಿಸಿದ ಮೀಟರು ಇದನ್ನು ತೋರಿಸುವುದಿಲ್ಲ. ಈಗ ಇನ್ನೊಂದು ಕಳಿಸುತ್ತಿದ್ದೇನೆ, ಇದು ಮೂವತ್ತೈದು ದಾಟಿದರೆ ಕೂಗುತ್ತದೆ. ಬಚ್ಚಿಡಬೇಡ, ಕೂಗಿದರೆ ಕೂಗಲಿ.

ಕೆಂಡ ಇದೆಯೇ ಎಂದು ಮೊದಲ ದಿನವೇ ಕೇಳಿ, ನೀನು ಸುಮ್ಮನಾದಾಗ ನಾನೂ ಸುಮ್ಮನಾದೆ. ಹದಿನೈದು ದಿನ. ಊರಿನ ಹಾಸ್ಟೆಲುಗಳನ್ನೆಲ್ಲ ಅಳೆಯುವವಳು ತವರಿನ ಬಾಗಿಲಿಗೆ ಬಂದು ಒಂದು ಮಾತು ಕೇಳಲಾರದೆ ಕೂತಿದ್ದೆ. ಅದಕ್ಕೆ ನನ್ನನ್ನು ಎಷ್ಟು ಬೈದರೂ ಸಾಲದು.

ನಿನ್ನ ಪ್ರಶ್ನೆಗೆ ಉತ್ತರ: ಎರಡೂ. ಮೊದಲು ನಿನ್ನ ಮಗಳು, ಆದರೆ ಎರಡೂ. ಅವತ್ತು ನನ್ನ ಮಗನಿಗೆ ಇಪ್ಪತ್ತಾರು ದಿನ. ಕೆಂಡ ಇಟ್ಟಿದ್ದರು, ತಲೆ ನೋಯುತ್ತಿತ್ತು, ಹಾಲು ಕೊಡುತ್ತಿದ್ದೆ. ಆಮೇಲೆ ನನಗೆ ನೆನಪಿರುವುದು ಅಮ್ಮ ಕೆನ್ನೆಗೆ ಹೊಡೆಯುತ್ತಿದ್ದುದು. ಮಲಗಿಬಿಟ್ಟೆಯಲ್ಲೇ ಅಂದಳು. ಹೌದು, ಮಲಗಿದ್ದೆ. ಗಂಡನ ಮನೆಯವರೂ ಅದನ್ನೇ ಹೇಳಿ ಬಾಗಿಲು ಹಾಕಿದರು. ಅಲ್ಲ ಅನ್ನಲು ನನ್ನ ಬಳಿ ಏನಿತ್ತು? ಈ ಕೆಲಸಕ್ಕೆ ಸೇರಿದ ಎರಡನೇ ವರ್ಷ, ತರಬೇತಿಯಲ್ಲಿ ಕೆಂಡದ ಗಾಳಿಯ ಪಾಠ ಬಂದಾಗ ಎದ್ದು ಹೊರಗೆ ಹೋಗಿ ನಿಂತೆ. ಅಂದಿನಿಂದ ಗೊತ್ತು. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಅವಳು ಬದುಕುವುದು ಹೇಗೆ?

ಬೇಗ ಕೆಂಡ ತೆಗೆಸು. ಉಳಿದಿದ್ದೆಲ್ಲ ಆಮೇಲೆ.

ಅಕ್ಕ

ನರಸಿಂಹರಾಜಪುರ
6 ಜನವರಿ 2025

ಅಕ್ಕಾ,

ಹೊಟ್ಟೆಗೆ ಹಾಕಿಕೋ, ಹಾಗೆ ಬರೆಯಬಾರದಿತ್ತು.

ಶನಿವಾರ ನಿನ್ನ ಕವರ್ ವಿಜಯಕ್ಕನ ಕೈ ಸೇರುವ ಹೊತ್ತಿಗೆ ಇಲ್ಲಿ ಕೆಂಡ ಇಟ್ಟು ಅರ್ಧ ಗಂಟೆಯಾಗಿತ್ತು. ಅವಳು ಓಡಿ ಬಂದು ಮೀಟರನ್ನು ನನ್ನ ಕೈಗಿಟ್ಟಳು. ತೊಟ್ಟಿಲ ಹತ್ತಿರ ಹಿಡಿದೆ ನೋಡು, ಶಿವನೇ, ಮನೆಯೆಲ್ಲ ಕಿವಿ ಮುಚ್ಚಿಕೊಳ್ಳುವ ಹಾಗೆ ಕೂಗಿತು. ಎಂಬತ್ತೆಂಟು. ನಾನು ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ. ಅಮ್ಮ ಒಲೆ ಬಿಟ್ಟು ಬಂದವಳು ಮೊದಲು ನೋಡಿದ್ದು ನನ್ನ ಬರಿಗಾಲನ್ನು. "ನೆಲ ತಣ್ಣಗಿದೆ, ಚಪ್ಪಲಿ ಎಲ್ಲಿ?" ಎಂದಳು. ಆಮೇಲೆ ಮೀಟರನ್ನು ಕಿತ್ತುಕೊಂಡು ಹೋಗಿ ಅಡುಗೆಮನೆಯ ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದಳು. ಅದು ಅಕ್ಕಿಯೊಳಗೂ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಅಲ್ಲಿಯ ಗಾಳಿ ಒಳ್ಳೆಯದಲ್ಲವೇ.

ಹಾಲಿನಲ್ಲಿ ಅರ್ಧ ಗಂಟೆಯಾದ ಮೇಲೆ ಕೂಸು ಕಣ್ಣು ಬಿಟ್ಟಿತು. ಎಂಥ ಅಳು ಅಕ್ಕಾ! ಇಷ್ಟು ದಿನದಲ್ಲಿ ಅವಳು ಹಾಗೆ ಅತ್ತಿದ್ದೇ ಇಲ್ಲ. ಸಂಜೆ ಸುಂದರೇಶ ಬಂದವನು ಇಲ್ಲಿನ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಅಪಾಯವಿಲ್ಲ, ಇನ್ನು ಕೆಂಡದ ಹತ್ತಿರ ಮಲಗಿಸಬೇಡಿ ಅಂದರು.

ಅಮ್ಮ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು: "ಅವಳು ಎಂತ ಬರ್ದು ಕಳ್ಸಿದಾಳೆ?" ಕೆಂಡ ಬೇಡ ಅಂತ, ಎಂದೆ. "ಅಷ್ಟೇನಾ?" ಎಂದಳು. ಅಷ್ಟೇ ಎಂದೆ. ನಿನ್ನ ಕಾಗದ ನನ್ನ ದಿಂಬಿನ ಕವರಿನೊಳಗಿದೆ. ಕೊಡಲಾ, ಹರಿದುಹಾಕಲಾ, ಗೊತ್ತಾಗುತ್ತಿಲ್ಲ.

ಈಗ ಹಾಲಿನಲ್ಲಿ ಮಲಗುತ್ತಿದ್ದೇವೆ. ಆದರೆ ಸಂಕ್ರಾಂತಿಯವರೆಗೆ ಮಾತ್ರವಂತೆ. ಹಬ್ಬಕ್ಕೆ ಜನ ಬರುತ್ತಾರೆ, ಬಾಣಂತಿ ಹಾಲಿನಲ್ಲಿದ್ದರೆ ದೃಷ್ಟಿಯಾಗುತ್ತದೆ, ಅವತ್ತಿನಿಂದ ಮತ್ತೆ ಒಳಗೆ, ಅಗ್ಗಿಷ್ಟಿಕೆಯೂ ಒಳಗೆ ಎಂದು ಅಮ್ಮ ಹೇಳಿಬಿಟ್ಟಿದ್ದಾಳೆ. "ಡಾಕ್ಟರು ಬಾಣಂತನ ಮಾಡ್ತಾರಾ?" ಅನ್ನುತ್ತಾಳೆ. ಸುಂದರೇಶ ಬೇಡ ಅಂದ. ಅವನ ಬೇಡ ಎಷ್ಟು ದಿನ ನಿಲ್ಲುತ್ತದೋ ನನಗೆ ನಂಬಿಕೆಯಿಲ್ಲ.

ಕೃತಿಕಾ

ನರಸಿಂಹರಾಜಪುರ
7 ಜನವರಿ 2025

ನಿಶ್ಚಿತಾಳಿಗೆ,

ನಿನ್ನ ಯಂತ್ರಗಳನ್ನು ಬಸ್ಸಿಗೆ ಹಾಕಿಸಿದ್ದೇನೆ. ನನ್ನ ಮೊಮ್ಮಗಳ ಹತ್ತಿರ ಅವು ಬೇಡ.

ನನ್ನ ಅಜ್ಜಿ, ನನ್ನ ಅಮ್ಮ, ನಾನು ಎಲ್ಲರೂ ಕೆಂಡದ ಪಕ್ಕವೇ ಬಾಣಂತನ ಮುಗಿಸಿದವರು. ನೀನು, ಕೃತಿಕಾ ಇಬ್ಬರೂ ಅದರ ಕಾವಿನಲ್ಲೇ ದೊಡ್ಡವರಾದಿರಿ. ಈ ಬೀದಿಯಲ್ಲಿ ಎಷ್ಟು ಮನೆಯ ಬಾಣಂತಿಯರಿಗೆ ನಾನು ಲೇಹ್ಯ ಮಾಡಿ ಕೊಟ್ಟಿದ್ದೇನೆ, ಕೇಳಿ ನೋಡು. ಒಬ್ಬರ ಮನೆಯಲ್ಲೂ ಏನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಒಂದೇ ಸಲ ಆಯಿತು. ಅದು ಯಾಕಾಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ನನ್ನ ಬಾಯಿಂದ ಮತ್ತೆ ಹೇಳಿಸಬೇಡ.

ಆರು ವರ್ಷ ಮನೆಗೆ ಕಾಲಿಡದವಳು ಈಗ ಕವರಿನಲ್ಲಿ ಬುದ್ಧಿ ಕಳಿಸುವುದು ಬೇಡ.

ಗಂಗಾಂಬಿಕೆ

ಕೊಪ್ಪ
9 ಜನವರಿ 2025

ಅಮ್ಮಾ,

ನೀನು ಬರೆದಿದ್ದೆಲ್ಲ ಸರಿ. ನಿನ್ನ ಕೈಯಲ್ಲಿ ಎಷ್ಟೋ ಕೂಸುಗಳು ಬದುಕಿವೆ, ನಾವಿಬ್ಬರೂ ಬದುಕಿದ್ದೇವೆ. ನಿನ್ನ ಕೈಯಲ್ಲಿ ತಪ್ಪಿಲ್ಲ. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ನಮ್ಮ ಹಳೇ ನಡುಕೋಣೆಗೆ ಹೆಂಚಿನ ಮಾಡು ಇತ್ತು. ಹೆಂಚು ಹೆಂಚಿನ ನಡುವೆ ಸಂದಿ, ಮರದ ಕಿಟಕಿಗೆ ಬೆರಳು ತೂರುವಷ್ಟು ಸಂದಿ. ಬೆಳಿಗ್ಗೆ ಮಾಡಿನಿಂದ ಬಿಸಿಲಿನ ಕಡ್ಡಿಗಳು ಇಳಿಯುತ್ತಿದ್ದವು, ನಾನೂ ಕೃತಿಯೂ ಅವನ್ನು ಹಿಡಿಯಲು ಹೋಗುತ್ತಿದ್ದೆವು. ನೀನು ಕಿಟಕಿ ಮುಚ್ಚಿದರೂ ಆ ಮನೆ ಗಾಳಿಯನ್ನು ಮುಚ್ಚುತ್ತಿರಲಿಲ್ಲ. ಕೆಂಡದ ವಿಷವೆಲ್ಲ ಮೇಲೆ ಹೋಗಿಬಿಡುತ್ತಿತ್ತು. ಅಜ್ಜಿಯ ಕಾಲದಿಂದ ಏನೂ ಆಗದೆ ಇದ್ದದ್ದು ಅದಕ್ಕೇ. ನನ್ನ ಬಾಣಂತನಕ್ಕೆಂದೇ ಅಪ್ಪಾಜಿ ಆ ಬೇಸಿಗೆಯಲ್ಲಿ ಹೆಂಚು ಇಳಿಸಿ ಆರ್‌ಸಿಸಿ ಹಾಕಿಸಿದರು, ರಬ್ಬರ್ ಪಟ್ಟಿಯ ಕಿಟಕಿ ಕೂರಿಸಿದರು. ಪ್ರೀತಿಯಿಂದಲೇ ಮಾಡಿಸಿದ್ದು. ನಾನು ಆ ಕೋಣೆಯ ಮೊದಲ ಬಾಣಂತಿ. ನೀನು ಮೊದಲು ಮಾಡುತ್ತಿದ್ದುದನ್ನೇ ಮಾಡಿದೆ. ಕೋಣೆ ಬೇರೆಯಾಗಿತ್ತು, ಅದು ಯಾರಿಗೂ ತಿಳಿಯಲಿಲ್ಲ.

ಅವತ್ತಿನ ಗಾಳಿಯನ್ನು ಇವತ್ತು ಯಾವ ಯಂತ್ರವೂ ಅಳೆಯಲಾರದು. ಆದ್ದರಿಂದ ನನ್ನ ಮಗ ಹೀಗೇ ಹೋದ ಎಂದು ನಾನು ಹೇಳುವುದಿಲ್ಲ. ನೀನು ಹೇಳಿದ ಹಾಗೆಯೇ ಇರಲಿ. ನಾನು ಮಲಗಿಬಿಟ್ಟೆ ಅಂತಲೇ ಇರಲಿ. ಊರೂ ಅದನ್ನೇ ನಂಬಿದೆ, ನನಗೂ ಅದನ್ನು ಹೊತ್ತು ಅಭ್ಯಾಸವಾಗಿದೆ. ನನ್ನ ಮೇಲೇ ಇರಲಿ ಅಮ್ಮಾ, ಯಾವತ್ತೂ ತೆಗೆದು ಮಾತಾಡುವುದಿಲ್ಲ. ನೀನು ಯಾರ ಮುಂದೆಯೂ ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ.

ಬದಲಿಗೆ ಒಂದೇ ಒಂದು ಕೆಲಸ ಮಾಡು. ಆ ಕೋಣೆಗೆ ಕೆಂಡ ಒಯ್ಯಬೇಡ, ಕಿಟಕಿಯ ಪೇಪರ್ ಕಿತ್ತುಹಾಕು. ಬಿಸಿನೀರಿನ ಬ್ಯಾಗು ಇಡು, ಕಂಬಳಿ ಹೊದಿಸು, ಬೇಕಾದರೆ ಇನ್ನೂ ನಾಲ್ಕು ಕುಲಾವಿ ಕಳಿಸುತ್ತೇನೆ. ಕೂಗುವ ಮೀಟರನ್ನು ಮತ್ತೆ ಕಳಿಸಿದ್ದೇನೆ. ಇಟ್ಟುಕೊಳ್ಳುವುದು ಬಿಡುವುದು ನಿನಗೆ ಬಿಟ್ಟಿದ್ದು.

ಹದಿಮೂರರ ಸಂಜೆಯವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನಿನ್ನಿಂದ ಸುದ್ದಿ ಬರದಿದ್ದರೆ ಹದಿನಾಲ್ಕರ ಮೊದಲ ಬಸ್ಸಿಗೆ ಬರುತ್ತೇನೆ. ಹಬ್ಬದ ನೆಂಟರ ಮುಂದೆಯೇ ಆ ಕಿಟಕಿ ಒಡೆಯುತ್ತೇನೆ, ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ನಿಶ್ಚಿತಾ

ನರಸಿಂಹರಾಜಪುರ
13 ಜನವರಿ 2025

ನಿಶ್ಚಿತಾ,

ಕಿಟಕಿ ಒಡೆಯಲು ಬರಬೇಕಾಗಿಲ್ಲ. ನಿಮ್ಮ ಅಪ್ಪಾಜಿ ಈಗ ತಾನೇ ಅದನ್ನು ಚೌಕಟ್ಟಿನ ಸಮೇತ ಬಿಚ್ಚಿ ಅಂಗಡಿಗೆ ಇಳಿಸಿದರು. ಎದುರು ಗೋಡೆಗೂ ಒಂದು ಕಿಂಡಿ ಕೊರೆಸುತ್ತಾರಂತೆ. ಕೂಸು ಹಾಲಿನಲ್ಲಿದೆ, ಹಬ್ಬ ಮುಗಿದ ಮೇಲೂ ಅಲ್ಲೇ ಇರುತ್ತದೆ. ದೃಷ್ಟಿಯಾದರೆ ತೆಗೆಯಲು ನನಗೆ ಬರುತ್ತದೆ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಹರಿಯಲು ಹೋದೆ. ಆಮೇಲೆ ಕೃತಿಕಾ ತನ್ನ ದಿಂಬಿನಿಂದ ಇನ್ನೊಂದು ತೆಗೆದು ಕೊಟ್ಟಳು, ನೀನು ಅವಳಿಗೆ ಬರೆದಿದ್ದು. ಅದನ್ನೂ ಓದಿದೆ. ಎರಡು ದಿನ ಊಟ ಸೇರಲಿಲ್ಲ. ಹಾಗಂತ ನಂಬಿದೆ ಅಂದುಕೊಳ್ಳಬೇಡ. ಯಂತ್ರ ಹೇಳಿತು ಅಂತ ನಾನು ನಂಬುವವಳಲ್ಲ, ನಿನಗೆ ಗೊತ್ತಲ್ಲ.

ನಿನ್ನೆ ಬೆಳಿಗ್ಗೆ ಎಲ್ಲರ ತಿಂಡಿಯಾಗಿ, ಕೃತಿಕಾ ಕೂಸಿನ ಜೊತೆ ನಿದ್ದೆ ಹೋದ ಮೇಲೆ ಅಗ್ಗಿಷ್ಟಿಕೆಗೆ ಕೆಂಡ ತುಂಬಿಕೊಂಡು ನಾನೇ ಆ ಕೋಣೆಗೆ ಹೋದೆ. ತೊಟ್ಟಿಲಿದ್ದ ಜಾಗದಲ್ಲಿ ಇಟ್ಟೆ. ಕಿಟಕಿಯ ಪೇಪರ್ ಹಾಗೇ ಇತ್ತು. ವಿಜಯಳನ್ನು ಹೊರಗೆ ಕೂರಿಸಿ, ಬಾಗಿಲು ಎಳೆದು ಸಂದಿಗೆ ತಾಟು ಒತ್ತು, ಹೊತ್ತಿಗೊಮ್ಮೆ ನನ್ನನ್ನು ಕೂಗು ಎಂದೆ. "ಬ್ಯಾಡ್ರವ್ವಾ, ಬ್ಯಾಡ" ಎಂದು ಅವಳು ಅಳುತ್ತಿದ್ದಳು. ನಿನ್ನ ಯಂತ್ರ ಕೂಗಲು ಶುರು ಮಾಡಿತು, ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ನೀನು ಕೂತಿದ್ದ ಹಾಗೆ ಗೋಡೆಗೆ ಒರಗಿ ಕೂತೆ. ಮಡಿಲಲ್ಲಿ ದಿಂಬು ಇಟ್ಟುಕೊಂಡೆ.

ಮೊದಲು ಹಿತವಾಗಿತ್ತು. ಆಮೇಲೆ ಹಣೆಯ ಮೇಲೆ ಯಾರೋ ಕೈ ಒತ್ತಿದ ಹಾಗೆ ಭಾರ. ಆಗಾಗ ವಿಜಯ ಕೂಗುತ್ತಿದ್ದಳು, ಓಗೊಡುತ್ತಿದ್ದೆ. ಎದ್ದು ಬಾಗಿಲು ತೆಗೆಯೋಣ, ಸಾಕು, ಗೊತ್ತಾಯಿತು ಅಂದುಕೊಂಡೆ. ಅಂದುಕೊಂಡಿದ್ದು ನಿಜ ನಿಶ್ಚಿತಾ, ದೇವರಾಣೆ. ಏಳಲು ಕಾಲು ಬರಲಿಲ್ಲ. ಏಳಬೇಕು ಎಂಬುದೂ ಮರೆತುಹೋಯಿತು. ವಿಜಯ ಆಮೇಲೆ ಮೂರು ಸಲ ಕೂಗಿದಳಂತೆ. ನಾನು ಒಂದನ್ನೂ ಕೇಳಲಿಲ್ಲ. ಅವಳು ಬಾಗಿಲು ತಳ್ಳಿ ನನ್ನನ್ನು ಎಳೆದು ತಂದು ಹಾಲಿನಲ್ಲಿ ಹಾಕಿದಾಗ ದಿಂಬು ನನ್ನ ಮಡಿಲಲ್ಲಿರಲಿಲ್ಲ. ನನ್ನ ಮೈಯ ಕೆಳಗಿತ್ತಂತೆ. ಅದು ಯಾವಾಗ ಜಾರಿತೋ, ನಾನು ಯಾವಾಗ ಅದರ ಮೇಲೆ ಬಗ್ಗಿದೆನೋ ನನಗೆ ಗೊತ್ತೇ ಆಗಲಿಲ್ಲ.

ಕೃತಿಕಾ ಬಾಯಿಗೆ ಬಂದ ಹಾಗೆ ಬೈದಳು. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿ ಆಮ್ಲಜನಕ ಹಾಕಿಸಿದರು. ಈಗ ಪರವಾಗಿಲ್ಲ, ತಲೆ ಮಾತ್ರ ಇನ್ನೂ ಭಾರ. ನಿನ್ನ ಯಂತ್ರದಲ್ಲಿ ಎಷ್ಟು ಬಂದಿತ್ತೋ ನಾನು ನೋಡಲಿಲ್ಲ. ನನಗೆ ಬೇಕಾದ್ದು ಸಿಕ್ಕಿತು.

ಅವತ್ತು ಬಾಗಿಲು ತೆಗೆದವಳು ನಾನು. ನಿನ್ನನ್ನು ಎಷ್ಟು ಅಲುಗಾಡಿಸಿದರೂ ನೀನು ಏಳಲಿಲ್ಲ. ಕೆನ್ನೆಗೆ ನಾಲ್ಕು ಸಲ ಹೊಡೆದೆ. ನಿದ್ದೆ ಮಾಡುವ ತಾಯಿ ಹಾಗಿರುವುದಿಲ್ಲ ಎಂದು ಇಷ್ಟು ಬಾಣಂತನ ಮಾಡಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇದೇನೋ ಸರಿಯಿಲ್ಲ ಎಂದು ಆ ಕ್ಷಣವೇ ಅನ್ನಿಸಿತ್ತು. ಆದರೆ ಹಾಗೆ ಅಂದುಕೊಂಡರೆ ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ಹೆದರಿ, ಬಾಯಿಗೆ ಬಂದ ಮೊದಲ ಮಾತನ್ನು ನಿನ್ನ ಮೇಲೆ ಎಸೆದೆ. ಎಸೆದ ಮೇಲೆ ತೆಗೆಯಲಾಗಲಿಲ್ಲ. ನೀನು ಮನೆಗೆ ಬರದೆ ಇದ್ದಾಗ ಒಳಗೊಳಗೇ ಸದ್ಯ ಅಂದುಕೊಂಡಿದ್ದೂ ಉಂಟು.

ನಿನ್ನ ಮೇಲೇ ಇರಲಿ ಎಂದು ಬರೆದಿದ್ದೀಯ. ನನಗೆ ಉಪಕಾರ ಮಾಡಲು ಹೋಗಬೇಡ.

ನೀನು ಮಲಗಿದ್ದಲ್ಲ ಮಗಳೇ. ನಾನು ಮಲಗಿಸಿದ್ದು. ಆರು ವರ್ಷ ನೀನು ಹೊತ್ತುಕೊಂಡಿದ್ದು ನನ್ನದು. ಬಂದು ನನಗೆ ವಾಪಸ್ ಕೊಟ್ಟು ಹೋಗು.

ಅಮ್ಮ